ಡಿಸ್ಕ್ ಅರ್ಧ, ಲೆನ್ಸ್ ಅರ್ಧ: ಸಿಡಿಯಿಂದ ಬ್ಲೂ-ರೇವರೆಗೆ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ನಮ್ಮ ಕಡೆ ಯಾರ ಮನೆ ಬೀರು ತೆಗೆದರೂ ಒಂದೆರಡು ಡಿವಿಡಿ ಸಿಗುತ್ತವೆ. ಅಕ್ಕನ ಮದುವೆ, ತಮ್ಮನ ನಾಮಕರಣ, ಮನೆ ಗೃಹಪ್ರವೇಶ. ಡಿಸ್ಕ್ ಇದೆ, ಹಾಕೋಕೆ ಪ್ಲೇಯರ್ ಇಲ್ಲ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬರೋದೇ ಇಲ್ಲ. ಆದರೂ "ಡಿಸ್ಕ್ ಜೋಪಾನವಾಗಿದೆಯಲ್ಲ, ಯಾವಾಗಾದ್ರೂ ನೋಡಿದ್ರಾಯ್ತು" ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಈ ಲೇಖನ ಹೇಳೋದು ಒಂದೇ ವಿಷಯ. ನಮ್ಮ ಡೇಟಾ ಡಿಸ್ಕ್‌ನಲ್ಲಿ ಅರ್ಧ ಮಾತ್ರ ಇದೆ. ಇನ್ನರ್ಧ ಇರೋದು ಅದನ್ನು ಓದುವ ಲೆನ್ಸ್ ಮತ್ತು ಆ ಲೆನ್ಸನ್ನು ದಾರಿಯಲ್ಲಿ ಹಿಡಿದಿಡುವ ಕಂಟ್ರೋಲ್ ಲೂಪ್‌ನಲ್ಲಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು. ಕಂಟ್ರೋಲ್ ಸಿಸ್ಟಮ್ಸ್ ಓದುತ್ತಿರುವವರಿಗೆ ಪರೀಕ್ಷೆಗೂ ಉಪಯೋಗಕ್ಕೆ ಬರುತ್ತೆ.

1. ದಾರಿ ಎಷ್ಟು ಸಣ್ಣದು?

ಡಿಸ್ಕ್ ಮೇಲೆ ಡೇಟಾ ಒಂದು ಸುರುಳಿ ದಾರಿಯಲ್ಲಿದೆ. ಒಳಗಿನಿಂದ ಶುರುವಾಗಿ ಹೊರಗೆ ಹೋಗುತ್ತೆ. ಸುರುಳಿಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರವೇ ಟ್ರ್ಯಾಕ್ ಪಿಚ್. ಮೂರು ತಲೆಮಾರಿನ ಡಿಸ್ಕ್‌ಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ:

ಸಿಡಿ (1982): ಪಿಚ್ 1.6 ಮೈಕ್ರೋಮೀಟರ್, ಲೇಸರ್ 780 ನ್ಯಾನೋಮೀಟರ್, ಲೆನ್ಸ್‌ನ ಎನ್.ಎ. 0.45, ಸುಮಾರು 700 ಎಂಬಿ.
ಡಿವಿಡಿ (1996): ಪಿಚ್ 0.74 ಮೈಕ್ರೋಮೀಟರ್, ಲೇಸರ್ 650 ನ್ಯಾನೋಮೀಟರ್, ಎನ್.ಎ. 0.6, ಒಂದು ಪದರಕ್ಕೆ 4.7 ಜಿಬಿ.
ಬ್ಲೂ-ರೇ (2006): ಪಿಚ್ 0.32 ಮೈಕ್ರೋಮೀಟರ್, ಲೇಸರ್ 405 ನ್ಯಾನೋಮೀಟರ್, ಎನ್.ಎ. 0.85, ಒಂದು ಪದರಕ್ಕೆ 25 ಜಿಬಿ.

ಮೂರರ ಅಗಲವೂ 12 ಸೆಂಟಿಮೀಟರ್. ಡೇಟಾ ಇರುವ ಜಾಗದ ವಿಸ್ತೀರ್ಣವನ್ನು ಪಿಚ್‌ನಿಂದ ಭಾಗಿಸಿದರೆ ದಾರಿಯ ಉದ್ದ ಸಿಗುತ್ತೆ. ಸಿಡಿಗೆ ಸುಮಾರು 5.4 ಕಿ.ಮೀ., ಡಿವಿಡಿಗೆ ಸುಮಾರು 12 ಕಿ.ಮೀ., ಬ್ಲೂ-ರೇಗೆ ಸುಮಾರು 27 ಕಿ.ಮೀ. ಅಂದ್ರೆ ಹೆಚ್ಚುಕಡಿಮೆ ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯನ್ನು ಸುತ್ತಿ ಒಂದು ತಟ್ಟೆಯೊಳಗೆ ಇಟ್ಟ ಹಾಗೆ.

2. ಲೆನ್ಸ್ ಏನು ಮಾಡುತ್ತೆ?

ಬೆಳಕನ್ನು ಎಷ್ಟೇ ಒಳ್ಳೆಯ ಲೆನ್ಸ್‌ನಿಂದ ಕೂಡಿಸಿದರೂ ಅದು ಬಿಂದುವಾಗುವುದಿಲ್ಲ, ಸಣ್ಣದೊಂದು ಚುಕ್ಕೆಯಾಗುತ್ತೆ. ಚುಕ್ಕೆಯ ಅಗಲ ಸುಮಾರಾಗಿ ತರಂಗಾಂತರವನ್ನು ಎನ್.ಎ.ಯ ಎರಡರಷ್ಟರಿಂದ ಭಾಗಿಸಿದಷ್ಟು. ಎನ್.ಎ. ಅಂದ್ರೆ ಲೆನ್ಸ್ ಎಷ್ಟು ಅಗಲ ಕೋನದಿಂದ ಬೆಳಕನ್ನು ಒಳಗೆ ಬಗ್ಗಿಸುತ್ತೆ ಅನ್ನೋ ಅಳತೆ.

ಲೆಕ್ಕ ಹಾಕಿ: ಸಿಡಿಗೆ 0.87 ಮೈಕ್ರೋಮೀಟರ್, ಡಿವಿಡಿಗೆ 0.54, ಬ್ಲೂ-ರೇಗೆ 0.24. ಡಿವಿಡಿಯಿಂದ ಬ್ಲೂ-ರೇಗೆ ಬಂದಾಗ ಚುಕ್ಕೆಯ ವಿಸ್ತೀರ್ಣ 5.2 ಪಟ್ಟು ಕಡಿಮೆಯಾಗಿದೆ. ಸಾಮರ್ಥ್ಯ ಎಷ್ಟು ಹೆಚ್ಚಾಗಿದೆ? 25 ಭಾಗಿಸು 4.7, ಅಂದ್ರೆ 5.3 ಪಟ್ಟು. ಎಷ್ಟು ಹತ್ತಿರ ಬಂತು ನೋಡಿ! ಸಿಡಿಯಿಂದ ಡಿವಿಡಿಗೆ ಬಂದಾಗ ಮಾತ್ರ ಚುಕ್ಕೆ 2.6 ಪಟ್ಟು ಚಿಕ್ಕದಾದರೆ ಸಾಮರ್ಥ್ಯ ಸುಮಾರು 7 ಪಟ್ಟು ಆಯ್ತು. ಉಳಿದದ್ದು ಬಂದಿದ್ದು ಇನ್ನೂ ಬಿಗಿಯಾದ ಅಳತೆಗಳಿಂದ ಮತ್ತು ಉತ್ತಮ ಕೋಡಿಂಗ್‌ನಿಂದ.

ಹಾಗಾದರೆ ಎನ್.ಎ. ಹೆಚ್ಚಿಸುತ್ತಲೇ ಹೋದರೆ ಆಯ್ತಲ್ಲ? ಇಲ್ಲೇ ತೊಂದರೆ. ಚುಕ್ಕೆ ಸಣ್ಣದಾದಷ್ಟೂ ಅದು ಸ್ಪಷ್ಟವಾಗಿರುವ ಆಳ ಇನ್ನೂ ಬೇಗ ಕಡಿಮೆಯಾಗುತ್ತೆ, ಯಾಕಂದ್ರೆ ಅದು ಎನ್.ಎ.ಯ ವರ್ಗಕ್ಕೆ ವಿಲೋಮ. ಸಿಡಿಯಲ್ಲಿ ಲೆನ್ಸ್ ಸುಮಾರು ±1.9 ಮೈಕ್ರೋಮೀಟರ್ ಆಚೀಚೆ ಆದರೂ ನಡೆಯುತ್ತೆ. ಡಿವಿಡಿಯಲ್ಲಿ ±0.9. ಬ್ಲೂ-ರೇಯಲ್ಲಿ ±0.28 ಮಾತ್ರ. ನಮ್ಮ ತಲೆಗೂದಲಿನ ದಪ್ಪ ಐವತ್ತರಿಂದ ನೂರು ಮೈಕ್ರೋಮೀಟರ್ ಇರುತ್ತೆ ಅನ್ನೋದನ್ನು ನೆನಪಿಟ್ಟುಕೊಳ್ಳಿ.

3. ಆದರೆ ಡಿಸ್ಕ್ ಕುಣಿಯುತ್ತೆ

ಡಿಸ್ಕ್ ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್. ಪೂರ್ತಿ ಚಪ್ಪಟೆ ಇರಲ್ಲ, ನಡುವಿನ ತೂತು ಪೂರ್ತಿ ನಡುವಿಗೇ ಇರಲ್ಲ. ಸಿಡಿಯ ನಿಯಮದ ಪ್ರಕಾರ ತಿರುಗುವಾಗ ಡಿಸ್ಕ್ ಮೇಲೆ ಕೆಳಗೆ ±0.5 ಮಿಲಿಮೀಟರ್ ಆಡಬಹುದು, ದಾರಿ ಪಕ್ಕಕ್ಕೆ ±70 ಮೈಕ್ರೋಮೀಟರ್ ಓಲಾಡಬಹುದು. ಲೆನ್ಸ್ ಮಾತ್ರ ದಾರಿಯ ನಡುಗೆರೆಯಿಂದ ±0.1 ಮೈಕ್ರೋಮೀಟರ್‌ನೊಳಗೇ ಇರಬೇಕು.

ಇದನ್ನು 20 ಲಕ್ಷ ಪಟ್ಟು ದೊಡ್ಡದು ಮಾಡಿ. ಟ್ರ್ಯಾಕ್ ಪಿಚ್ 3.2 ಮೀಟರ್ ಆಯ್ತು, ಅಂದ್ರೆ ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯ ಒಂದು ಲೇನ್‌ನಷ್ಟು. ಈಗ ಆ ಲೇನ್ 140 ಮೀಟರ್ ಎಡಕ್ಕೆ, 140 ಮೀಟರ್ ಬಲಕ್ಕೆ, 1 ಕಿ.ಮೀ. ಮೇಲಕ್ಕೆ, 1 ಕಿ.ಮೀ. ಕೆಳಕ್ಕೆ ತೂಗಾಡುತ್ತಿದೆ. ಅದೂ ಸೆಕೆಂಡಿಗೆ ಎಂಟು ಸಲದವರೆಗೆ. ಡ್ರೈವರ್ ಲೇನ್‌ನ ಮಧ್ಯದಿಂದ 20 ಸೆಂಟಿಮೀಟರ್ ಆಚೆ ಹೋಗುವ ಹಾಗಿಲ್ಲ.

ಡಿಸ್ಕನ್ನೇ ಇಷ್ಟು ನಿಖರವಾಗಿ ಮಾಡಲು ಹೊರಟಿದ್ದರೆ ಅದನ್ನು ಯಾರೂ ಕೊಳ್ಳುವ ಹಾಗಿರಲಿಲ್ಲ. ಎಂಜಿನಿಯರ್‌ಗಳು ಮಾಡಿದ ಜಾಣತನ ಇದು: ಡಿಸ್ಕ್ ಸುಮಾರಾಗಿಯೇ ಇರಲಿ, ಅಗ್ಗವಾಗಿರಲಿ, ಲೆನ್ಸ್ ಅದರ ಹಿಂದೆ ಓಡಲಿ. ನಿಖರತೆಯನ್ನು ವಸ್ತುವಿನಿಂದ ತೆಗೆದು ಫೀಡ್‌ಬ್ಯಾಕ್‌ಗೆ ಹಾಕಿದರು.

4. ಫೋಕಸ್ ಲೂಪ್

ಲೆನ್ಸ್ ನಾಲ್ಕು ಸಣ್ಣ ತಂತಿಗಳ ಮೇಲೆ ತೇಲುತ್ತಿರುತ್ತೆ. ಅದಕ್ಕೆ ಅಂಟಿದ ಕಾಯಿಲ್, ಪಕ್ಕದಲ್ಲಿ ಮ್ಯಾಗ್ನೆಟ್. ಕರೆಂಟ್ ಕೊಟ್ಟರೆ ಲೆನ್ಸ್ ಸರಿಯುತ್ತೆ. ಸ್ಪೀಕರ್ ಕೆಲಸ ಮಾಡೋದೂ ಹೀಗೇ, ಅದಕ್ಕೇ ಇದನ್ನು ವಾಯ್ಸ್ ಕಾಯಿಲ್ ಅಂತಾರೆ. ಹೆಚ್ಚಾಗಿ ಆ ತಂತಿಗಳೇ ಸ್ಪ್ರಿಂಗ್, ಅವೇ ಕರೆಂಟ್ ಹೋಗುವ ವೈರ್ ಕೂಡ.

ಎಷ್ಟು ಸರಿಯಬೇಕು ಅಂತ ಗೊತ್ತಾಗೋದು ಹೇಗೆ? ಡಿಸ್ಕ್‌ನಿಂದ ವಾಪಸ್ ಬಂದ ಬೆಳಕನ್ನು ಒಂದು ಸಿಲಿಂಡರ್ ಆಕಾರದ ಲೆನ್ಸ್ ಮೂಲಕ ಹಾಯಿಸಿ ನಾಲ್ಕು ಭಾಗಗಳಿರುವ ಫೋಟೋಡಯೋಡ್ ಮೇಲೆ ಬೀಳಿಸುತ್ತಾರೆ. ಭಾಗಗಳಿಗೆ ಸುತ್ತುಗಟ್ಟಿ ಎ, ಬಿ, ಸಿ, ಡಿ ಅಂತ ಹೆಸರಿಡಿ. ಫೋಕಸ್ ಸರಿಯಿದ್ದರೆ ಬೆಳಕು ದುಂಡಗೆ ಬೀಳುತ್ತೆ. ಡಿಸ್ಕ್ ಹತ್ತಿರ ಬಂದರೆ ಒಂದು ಮೂಲೆಯ ಕಡೆಗೆ ಮೊಟ್ಟೆಯಾಗುತ್ತೆ, ದೂರ ಹೋದರೆ ಇನ್ನೊಂದು ಮೂಲೆಯ ಕಡೆಗೆ. ಆದ್ದರಿಂದ ಎದುರುಬದುರು ಮೂಲೆಗಳನ್ನು ಕೂಡಿಸಿ ಕಳೆದರೆ, ಅಂದ್ರೆ (ಎ + ಸಿ) − (ಬಿ + ಡಿ), ಎರರ್ ಸಿಗ್ನಲ್ ಸಿಕ್ಕಿತು. ಸೊನ್ನೆ ಬಂದರೆ ಫೋಕಸ್ ಸರಿ. ಪ್ಲಸ್, ಮೈನಸ್ ನೋಡಿ ಯಾವ ಕಡೆ ಸರಿಯಬೇಕು ಅನ್ನೋದೂ ತಿಳಿಯುತ್ತೆ. ನಾಲ್ಕನ್ನೂ ಕೂಡಿಸಿದರೆ ಅದೇ ಡೇಟಾ ಸಿಗ್ನಲ್! ಒಂದೇ ಬೆಳಕು ಡೇಟಾವನ್ನೂ ಕೊಡುತ್ತೆ, ದಾರಿಯನ್ನೂ ಹೇಳುತ್ತೆ.

ಈ ಎರರ್ ಸಿಗ್ನಲ್‌ನ ಗ್ರಾಫ್ ಎಸ್ ಆಕಾರದಲ್ಲಿರುತ್ತೆ. ನಡುವಿನ ಕೆಲವೇ ಮೈಕ್ರೋಮೀಟರ್‌ನಲ್ಲಿ ಮಾತ್ರ ಅದು ನಂಬುವ ಹಾಗೆ ನೇರವಾಗಿರುತ್ತೆ. ಅದರಾಚೆ ಸಿಗ್ನಲ್ಲೇ ಇಲ್ಲ. ಅದಕ್ಕೇ ಡಿಸ್ಕ್ ಹಾಕಿದ ತಕ್ಷಣ ಲೆನ್ಸ್ ಮೇಲೆ ಕೆಳಗೆ ಹುಡುಕಾಡುತ್ತೆ. ಎಸ್ ಕರ್ವ್‌ನ ಸೊನ್ನೆ ಸಿಕ್ಕ ಆ ಕ್ಷಣದಲ್ಲಿ ಲೂಪ್ ಮುಚ್ಚುತ್ತೆ. ಸಿಗದಿದ್ದರೆ ಪರದೆ ಮೇಲೆ "ನೋ ಡಿಸ್ಕ್". ಡಿಸ್ಕ್ ಒಳಗೇ ಇದೆ, ಆದರೆ ಲೂಪ್ ಮುಚ್ಚಲಿಲ್ಲ, ಅಷ್ಟೇ.

5. ಟ್ರ್ಯಾಕಿಂಗ್ ಲೂಪ್

ಪಕ್ಕಕ್ಕೆ ಸರಿದಿದ್ದು ತಿಳಿಯೋಕೆ ಸಿಡಿಯಲ್ಲಿ ಹೆಚ್ಚು ಬಳಕೆಯಾದದ್ದು ಮೂರು ಕಿರಣದ ವಿಧಾನ. ಲೇಸರ್ ಮುಂದೆ ಒಂದು ಗ್ರೇಟಿಂಗ್ ಇಟ್ಟರೆ ಒಂದು ಕಿರಣ ಮೂರಾಗುತ್ತೆ. ನಡುವಿನದು ಡೇಟಾ ಓದುತ್ತೆ. ಉಳಿದೆರಡು ದಾರಿಯ ಎಡ ಅಂಚು, ಬಲ ಅಂಚನ್ನು ಸವರುತ್ತಾ ಹೋಗುತ್ತವೆ. ಎರಡರಿಂದಲೂ ಸಮ ಬೆಳಕು ಬಂದರೆ ನಾವು ಮಧ್ಯದಲ್ಲಿದ್ದೇವೆ. ಒಂದು ಹೆಚ್ಚಾದರೆ ಸರಿದಿದ್ದೇವೆ. ಡಿವಿಡಿ ಓದುವಾಗ ಒಂದೇ ಕಿರಣದಲ್ಲಿ, ಮೂಲೆ ಜೋಡಿಗಳ ಸಿಗ್ನಲ್ ಒಂದಕ್ಕಿಂತ ಒಂದು ಎಷ್ಟು ಮುಂಚೆ ಬಂತು ಅನ್ನೋದನ್ನು ಅಳೆಯುತ್ತಾರೆ.

ಲೆನ್ಸ್ ತಂತಿ ಮೇಲೆ ಸ್ವಲ್ಪವೇ ಸರಿಯಬಲ್ಲದು. ಪೂರ್ತಿ ಡಿಸ್ಕ್ ದಾಟೋಕೆ ಅದರ ಕೆಳಗೆ ಸ್ಲೆಡ್ ಅನ್ನೋ ಗಾಡಿ ಇದೆ. ಗಾಡಿ ನಿಧಾನ, ಲೆನ್ಸ್ ಚುರುಕು. ಲೆನ್ಸ್ ಒಂದು ಕಡೆಗೇ ವಾಲುತ್ತಾ ಬಂದರೆ ಗಾಡಿ ಆ ಕಡೆ ಸರಿದು ಅದನ್ನು ಮತ್ತೆ ನಡುವಿಗೆ ತರುತ್ತೆ.

6. ಎಷ್ಟು ಗೇನ್ ಬೇಕು?

±500 ಮೈಕ್ರೋಮೀಟರ್ ಆಟವನ್ನು ±1ಕ್ಕೆ ಇಳಿಸಬೇಕು ಅಂದ್ರೆ 500 ಪಟ್ಟು, ಅಂದ್ರೆ 54 ಡಿಬಿ. ಪಕ್ಕದ ±70 ಅನ್ನು ±0.1ಕ್ಕೆ ಅಂದ್ರೆ 700 ಪಟ್ಟು, 57 ಡಿಬಿ. ಡಿಸ್ಕ್ ತಿರುಗುವ ಫ್ರೀಕ್ವೆನ್ಸಿಯಲ್ಲಿ ಲೂಪ್ ಗೇನ್ ಇಷ್ಟಿರಲೇಬೇಕು. ಆದರೆ ಸ್ಪ್ರಿಂಗ್ ಮೇಲಿನ ಲೆನ್ಸ್ ಎರಡನೇ ಆರ್ಡರ್ ಸಿಸ್ಟಮ್. ಅದರ ರೆಸೊನೆನ್ಸ್ ದಾಟಿದ ಮೇಲೆ ಫೇಸ್ −180 ಡಿಗ್ರಿಗೆ ಬಂದು ಬೀಳುತ್ತೆ. ಹಾಗೇ ಬಿಟ್ಟರೆ ಲೂಪ್ ಕಿರುಚಾಡುತ್ತೆ. ಅದಕ್ಕೆ ಗೇನ್ ಕ್ರಾಸ್‌ಓವರ್ ಹತ್ತಿರ ಲೀಡ್ ಕಾಂಪೆನ್ಸೇಟರ್, ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಗೇನ್ ಹೆಚ್ಚಿಸೋಕೆ ಲ್ಯಾಗ್. ನಾವು ಬೋಡೆ ಪ್ಲಾಟ್ ಬರೆಯುವಾಗ "ಇದೆಲ್ಲಾ ಎಲ್ಲಿ ಬರುತ್ತೋ" ಅಂತೀವಲ್ಲ, ಬರೋದು ಇಲ್ಲೇ.

ವೇಗದ ಲೆಕ್ಕ ಇನ್ನೂ ಮಜಾ. ದಾರಿ 50 ಮೈಕ್ರೋಮೀಟರ್ ಓಲಾಡುವ ಡಿಸ್ಕ್ ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಲೆನ್ಸ್‌ಗೆ ಬೇಕಾದ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 0.55 ಮೀಟರ್. ಅದೇ ಡಿಸ್ಕ್ 10,000 ಸುತ್ತು ತಿರುಗಿದರೆ 55 ಮೀಟರ್, ಗುರುತ್ವದ ಐದೂವರೆ ಪಟ್ಟು! ವೇಗ 10 ಪಟ್ಟು ಆದರೆ ಬಲ 100 ಪಟ್ಟು. ಹೀಗಾಗಿಯೇ ಲೆನ್ಸ್ ಹಗುರವಾಗಿರಬೇಕು. ಹಲವು ಗಾಜುಗಳ ಜೋಡಣೆಯ ಬದಲು ಒಂದೇ ತುಂಡಿನ ಆಸ್ಫೆರಿಕ್ ಲೆನ್ಸ್ ಬಂದಿದ್ದಕ್ಕೆ ಬೆಲೆಯ ಜೊತೆಗೆ ಇದೂ ಒಂದು ಕಾರಣ. ಈ ಲೆಕ್ಕ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತೆ.

7. ಬ್ಲೂ-ರೇ ಮೇಲ್ಪದರ ಯಾಕೆ ಅಷ್ಟು ತೆಳು?

ಬೆಳಕು ಡೇಟಾ ತಲುಪುವ ಮೊದಲು ಪಾರದರ್ಶಕ ಪದರ ದಾಟಬೇಕು. ಸಿಡಿಯಲ್ಲಿ ಅದು 1.2 ಮಿ.ಮೀ., ಡಿವಿಡಿಯಲ್ಲಿ 0.6, ಬ್ಲೂ-ರೇಯಲ್ಲಿ 0.1. ಡಿಸ್ಕ್ ಸ್ವಲ್ಪ ಓರೆಯಾದರೂ ಚುಕ್ಕೆ ಧೂಮಕೇತುವಿನ ಹಾಗೆ ಬಾಲ ಬಿಡುತ್ತೆ. ಈ ದೋಷದ ಹೆಸರು ಕೋಮಾ. ಅದು ಎನ್.ಎ.ಯ ಘನಕ್ಕೂ ಪದರದ ದಪ್ಪಕ್ಕೂ ಅನುಪಾತ, ತರಂಗಾಂತರಕ್ಕೆ ವಿಲೋಮ. ಎನ್.ಎ. ಘನವನ್ನು ದಪ್ಪದಿಂದ ಗುಣಿಸಿ, ಮೈಕ್ರೋಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿ. ಸಿಡಿಗೆ 0.14, ಡಿವಿಡಿಗೆ 0.20, ಬ್ಲೂ-ರೇಗೆ 0.15 ಬರುತ್ತೆ. ಎನ್.ಎ. ಅಷ್ಟು ಹೆಚ್ಚಿದ್ದರೂ ಓರೆಯಾದರೆ ಆಗುವ ತೊಂದರೆ ಸಿಡಿಯಷ್ಟೇ. ಪದರ ತೆಳು ಮಾಡಿದ್ದಕ್ಕೆ ಸಿಕ್ಕ ಲಾಭ ಇದು.

ನಷ್ಟವೂ ಇದೆ. ಸಿಡಿಯ ಮೇಲ್ಮೈಯಲ್ಲಿ ಕಿರಣದ ಅಗಲ ಸುಮಾರು 0.7 ಮಿ.ಮೀ. ಇರುತ್ತೆ, ಸಣ್ಣ ಧೂಳು ಅದಕ್ಕೆ ಲೆಕ್ಕಕ್ಕಿಲ್ಲ. ಬ್ಲೂ-ರೇಯಲ್ಲಿ ಅದು 0.13 ಮಿ.ಮೀ. ಮಾತ್ರ. ಅದೇ ಧೂಳು ಈಗ ದಾರಿಗೆ ಅಡ್ಡ ಬಂದ ಬಂಡೆ. ಆದ್ದರಿಂದಲೇ ಬ್ಲೂ-ರೇ ಮೇಲೆ ಗಟ್ಟಿ ಲೇಪನ ಹಾಕುತ್ತಾರೆ.

8. ಸಾಲಗಾಮೆ ರಸ್ತೆಯ ಇನ್ನೊಂದು ಲೂಪ್

ಇದೇ ಕಂಟ್ರೋಲ್ ಲೂಪನ್ನು ದೊಡ್ಡ ಅಳತೆಯಲ್ಲಿ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಶುರುವಾಗಿದ್ದು 1982ರಲ್ಲಿ. ಸಿಡಿ ಮಾರುಕಟ್ಟೆಗೆ ಬಂದಿದ್ದೂ ಅದೇ ವರ್ಷ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳೋದು ಈ ಕೇಂದ್ರ, 2005ರಿಂದ ಭೋಪಾಲ್‌ನಲ್ಲೂ ಒಂದಿದೆ.

ಭೂಸ್ಥಿರ ಉಪಗ್ರಹ ಸುಮಾರು 35,786 ಕಿ.ಮೀ. ಎತ್ತರದಲ್ಲಿ ತನ್ನ ಜಾಗದಲ್ಲಿ ನಿಂತ ಹಾಗೆ ಕಾಣಬೇಕು. ಆದರೆ ಸೂರ್ಯ, ಚಂದ್ರರ ಸೆಳೆತ, ಭೂಮಿ ಸಮ ಗುಂಡಗಿಲ್ಲದಿರುವುದು, ಬಿಸಿಲಿನ ಒತ್ತಡ, ಎಲ್ಲವೂ ಅದನ್ನು ತಳ್ಳುತ್ತವೆ. ಸಾಮಾನ್ಯವಾಗಿ ±0.1 ಡಿಗ್ರಿಯೊಳಗೆ ಇಡಬೇಕು, ಅಂದ್ರೆ ಸುಮಾರು ±74 ಕಿ.ಮೀ. ಅಳೆಯುತ್ತಾರೆ, ಎರರ್ ಲೆಕ್ಕ ಹಾಕುತ್ತಾರೆ, ಥ್ರಸ್ಟರ್ ಉರಿಸುತ್ತಾರೆ, ಮತ್ತೆ ಅಳೆಯುತ್ತಾರೆ. ಫೋಟೋಡಯೋಡ್ ಜಾಗದಲ್ಲಿ ಆಂಟೆನಾ, ಕಾಯಿಲ್ ಜಾಗದಲ್ಲಿ ಥ್ರಸ್ಟರ್. ಬ್ಲಾಕ್ ಡಯಾಗ್ರಾಮ್ ಅದೇ. ವ್ಯತ್ಯಾಸ ಇಷ್ಟೇ: ಅಲ್ಲಿ ಸರಿಪಡಿಸಲು ದಿನ, ವಾರಗಳ ಸಮಯ ಇರುತ್ತೆ, ಇಲ್ಲಿ ಮಿಲಿಸೆಕೆಂಡಿಗಿಂತ ಕಡಿಮೆ. ಇನ್ನೊಂದು ಹೋಲಿಕೆಯೂ ಇದೆ. ನೆಲದಿಂದ ಕಮಾಂಡ್ ಕೊಡುವವರೇ ಇಲ್ಲದಿದ್ದರೆ ಉಪಗ್ರಹ ಚೆನ್ನಾಗಿದ್ದರೂ ತನ್ನ ಜಾಗದಿಂದ ಜಾರುತ್ತೆ. ಲೆನ್ಸ್ ಇಲ್ಲದ ಡಿಸ್ಕ್ ಕಥೆಯೂ ಅದೇ.

9. ಮನೆಯ ಡಿಸ್ಕ್‌ಗೆ ಏನು ಮಾಡಬೇಕು?

ಸೋನಿ ಕಂಪನಿ ಬರೆಯಬಹುದಾದ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಡ್ರೈವ್‌ಗಳೂ ಕಡಿಮೆಯಾಗುತ್ತಿವೆ. 0.1 ಮೈಕ್ರೋಮೀಟರ್ ಹಿಡಿಯುವ ಲೂಪನ್ನು ನಾವು ಮನೆಯಲ್ಲಿ ಮಾಡಿಕೊಳ್ಳೋಕೆ ಆಗಲ್ಲ. ಜೊತೆಗೆ, ಸ್ಟುಡಿಯೋದವರು ಬರೆದು ಕೊಟ್ಟ ಡಿವಿಡಿಯಲ್ಲಿ ಡೇಟಾ ಇರೋದು ಸಾವಯವ ಬಣ್ಣದ ಪದರದಲ್ಲಿ. ಬಿಸಿ, ಬಿಸಿಲು, ತೇವಕ್ಕೆ ಅದು ಹಾಳಾಗುತ್ತೆ. ಸಿಗ್ನಲ್ ಕ್ಷೀಣಿಸಿದಾಗ ಡೇಟಾ ಜೊತೆಗೆ ದಾರಿ ಹೇಳುವ ಎರರ್ ಸಿಗ್ನಲ್ಲೂ ಕ್ಷೀಣಿಸುತ್ತೆ. ಆದ್ದರಿಂದ ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಇಷ್ಟು ಮಾಡಿ:

• ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಉಜ್ಜಬೇಡಿ. ಅಡ್ಡ ಗೀರನ್ನು ಲೆನ್ಸ್ ಒಂದು ಕ್ಷಣದಲ್ಲಿ ದಾಟುತ್ತೆ, ಕಳೆದುಹೋದ ಬಿಟ್‌ಗಳನ್ನು ಎರರ್ ಕರೆಕ್ಷನ್ ತುಂಬುತ್ತೆ. ದಾರಿಯ ಉದ್ದಕ್ಕೇ ಬಿದ್ದ ಗೀರು ಲೂಪನ್ನೇ ದಾರಿ ತಪ್ಪಿಸುತ್ತೆ.
• ಸಿಡಿಯ ಲೇಬಲ್ ಕಡೆ ಬಾಲ್‌ಪೆನ್ನಲ್ಲಿ ಬರೆಯಬೇಡಿ. ಡೇಟಾ ಪದರ ಆ ಕಡೆಯೇ, ತೆಳ್ಳಗಿನ ಲೇಪನದ ಕೆಳಗೆ ಇದೆ.
• ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ನಾಲ್ಕು ಜನ ಸೇರಿ ತಗೊಂಡರೂ ಸಾಕು. ಡಿಸ್ಕ್ ಓದದಿದ್ದರೆ ಸಾಫ್ಟ್‌ವೇರ್‌ನಲ್ಲಿ ವೇಗ ಕಡಿಮೆ ಮಾಡಿ. ವೇಗ ಅರ್ಧವಾದರೆ ಲೆನ್ಸ್‌ಗೆ ಬೇಕಾದ ಬಲ ಕಾಲುಭಾಗ.
• ಆಗಲೂ ಓದದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ. ಪ್ರತಿ ಡ್ರೈವ್‌ನ ಲೆನ್ಸ್ ಜೋಡಣೆ, ಸರ್ವೋ ಟ್ಯೂನಿಂಗ್ ಬೇರೆ ಬೇರೆ. ಒಂದು ಬಿಟ್ಟಿದ್ದನ್ನು ಇನ್ನೊಂದು ಓದಬಹುದು.
• ಪೂರ್ತಿ ಡಿಸ್ಕ್‌ನ ಇಮೇಜ್ ಫೈಲ್ ಮಾಡಿ ಎರಡು ಬೇರೆ ಬೇರೆ ಕಡೆ ಇಡಿ. ಕೊನೆಯವರೆಗೆ ಓಡಿಸಿ ನೋಡಿ.

ಕಾಪಿ ಮಾಡೋದು ಹೊಸ ಕೆಲಸವೇನಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ 500ಕ್ಕೂ ಹೆಚ್ಚು ಶಾಸನಗಳಿವೆ, ಎಷ್ಟೋ ಸಾವಿರ ವರ್ಷ ದಾಟಿದವು. ಅವನ್ನು ಓದೋಕೆ ಯಾವ ಸರ್ವೋನೂ ಬೇಡ, ಕಣ್ಣು ಮತ್ತು ಹಳೆ ಲಿಪಿಯ ಪರಿಚಯ ಸಾಕು. ಹಾಗಿದ್ದೂ ಬಿ. ಎಲ್. ರೈಸ್ ಅವರು ಅವನ್ನು ಓದಿಸಿ 1889ರಲ್ಲಿ ಪುಸ್ತಕ ಮಾಡಿದರು, 1923ರಲ್ಲಿ ಆರ್. ನರಸಿಂಹಾಚಾರ್ ಅವರು ಪರಿಷ್ಕರಿಸಿ ಇನ್ನಷ್ಟು ಸೇರಿಸಿದರು. ಕಲ್ಲಿಗೇ ಕಾಪಿ ಬೇಕಾಯ್ತು ಅಂದ ಮೇಲೆ ಪ್ಲಾಸ್ಟಿಕ್ಕಿಗೆ ಬೇಡವಾ?

10. ಮಾಡಿ ನೋಡಿ

ಒಂದು: ಕೆಂಪು ಲೇಸರ್ ಪಾಯಿಂಟರನ್ನು ಸಿಡಿಯ ಮೇಲೆ ನೇರವಾಗಿ ಬಿಡಿ, ಕಣ್ಣಿಗೆ ಬೀಳದ ಹಾಗೆ. 650 ನ್ಯಾನೋಮೀಟರ್ ಆದರೆ ಪಕ್ಕದ ಚುಕ್ಕೆ 24 ಡಿಗ್ರಿಯಲ್ಲಿ, ಅಂದ್ರೆ ಡಿಸ್ಕ್‌ಗೆ ಸಮಾನಾಂತರವಾಗಿ 50 ಸೆಂ.ಮೀ. ದೂರದಲ್ಲಿಟ್ಟ ರಟ್ಟಿನ ಮೇಲೆ 22 ಸೆಂ.ಮೀ. ಪಕ್ಕಕ್ಕೆ ಬೀಳಬೇಕು. ಡಿವಿಡಿಗೆ ಅದೇ 61 ಡಿಗ್ರಿ. ಬ್ಲೂ-ರೇಗೆ ಪಕ್ಕದ ಚುಕ್ಕೆಯೇ ಬರಲ್ಲ, ಯಾಕಂದ್ರೆ ದಾರಿಯ ಅಂತರ ತರಂಗಾಂತರಕ್ಕಿಂತ ಚಿಕ್ಕದು. ಟ್ರ್ಯಾಕ್ ಪಿಚ್ ಅಳೆಯೋಕೆ ಸ್ಕೇಲ್ ಸಾಕು!

ಎರಡು: ಕೆಟ್ಟುಹೋದ ಡ್ರೈವ್ ಸಿಕ್ಕರೆ ಪವರ್ ಪೂರ್ತಿ ತೆಗೆದು ಬಿಚ್ಚಿ. ಒಂದು 1.5 ವೋಲ್ಟ್ ಬ್ಯಾಟರಿಗೆ 47 ಓಮ್ ರೆಸಿಸ್ಟರ್ ಸೇರಿಸಿ ಫೋಕಸ್ ಕಾಯಿಲ್‌ಗೆ ಮುಟ್ಟಿಸಿ. ಲೆನ್ಸ್ ಏಳುತ್ತೆ, ಬ್ಯಾಟರಿ ತಿರುಗಿಸಿದರೆ ಇಳಿಯುತ್ತೆ. ಲೇಸರ್‌ಗೆ ಮಾತ್ರ ಕರೆಂಟ್ ಕೊಡಬೇಡಿ. ಸಿಡಿಯ 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣೋದೇ ಕಷ್ಟ, ಆದರೆ ಕಣ್ಣು ಸುಡುತ್ತೆ.

ಮೂರು, ಲೆಕ್ಕ: ಬ್ಲೂ-ರೇ ಜೊತೆ ಸ್ಪರ್ಧೆ ಮಾಡಿ 2008ರಲ್ಲಿ ಸೋತ ಎಚ್‌ಡಿ ಡಿವಿಡಿಯಲ್ಲಿ ಲೇಸರ್ 405 ನ್ಯಾನೋಮೀಟರ್, ಎನ್.ಎ. 0.65, ಪದರ 0.6 ಮಿ.ಮೀ. ಡಿವಿಡಿಯ 4.7 ಜಿಬಿ ಆಧಾರದ ಮೇಲೆ ಅದರ ಸಾಮರ್ಥ್ಯ ಅಂದಾಜು ಮಾಡಿ. ಕೋಮಾ ಸಂಖ್ಯೆಯನ್ನೂ ತೆಗೆಯಿರಿ. ಉತ್ತರ: ಸುಮಾರು 14 ಜಿಬಿ (ನಿಜವಾದದ್ದು 15), ಕೋಮಾ 0.41. ಬ್ಲೂ-ರೇಯ 0.15ರ ಪಕ್ಕ ಇಟ್ಟು ನೋಡಿ, ಓರೆಯಾದ ಡಿಸ್ಕ್ ಯಾವುದಕ್ಕೆ ಹೆಚ್ಚು ಕಷ್ಟ ಅಂತ ನೀವೇ ಹೇಳಬಹುದು.